ಜೀರುಂಡೆಯ ಪಕ್ಕದ ಬೆರಳು

ನನಗೆ ಮೂಗಿನ ತುದಿಯಲ್ಲೇ ಕೋಪ. ನ್ಯಾಮತಿಯಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ; ನಾನೇ ಮೊದಲು ಹೇಳಿಬಿಟ್ಟರೆ ಅವರಿಗೆ ಆ ಸುಖ ತಪ್ಪುತ್ತದೆ. ಫೋಟೋ ತೆಗೆಯುವಾಗ ಅಡ್ಡ ಬಂದವನು ಮದುಮಗನ ಸೋದರಮಾವನೇ ಆಗಿರಲಿ, ಬಯ್ದು ಪಕ್ಕಕ್ಕೆ ಕಳಿಸುವವಳು ನಾನು. ಹಾಗೆ ಬಯ್ಸಿಕೊಂಡವರೇ ತಿಂಗಳಾದ ಮೇಲೆ ಆಲ್ಬಮ್ ತಿರುವಿ ಹಾಕಿ, “ಅಬ್ಬಾ, ಎಷ್ಟ್ ಚೆನ್ನಾಗ್ ಬಂದೈತೆ! ಪ್ರಸನ್ನನ ಕೈಯೇ ಕೈ ಬಿಡ್ರಿ” ಎನ್ನುತ್ತಾರೆ. ಆಗ ಇನ್ನೂ ಜಾಸ್ತಿ ಕೋಪ ಬರುತ್ತದೆ.

ಪ್ರಸನ್ನಕುಮಾರ್ ನನ್ನ ಗಂಡ. ಬಸ್ ಸ್ಟ್ಯಾಂಡಿನ ಎದುರಿಗಿರುವ ಪ್ರಸನ್ನ ಸ್ಟುಡಿಯೋ ಅವರದು. ಹೊನ್ನಾಳಿ, ಚನ್ನಗಿರಿ ಕಡೆಯಿಂದೆಲ್ಲ ಮದುವೆಗೆ ಅವರನ್ನೇ ಕರೆಯುತ್ತಿದ್ದರು. ಮಂಟಪದ ಮಬ್ಬು ಬೆಳಕಿನಲ್ಲಿ, ಸ್ಟ್ಯಾಂಡಿಲ್ಲದೆ, ಬರಿಗೈಯಲ್ಲಿ ಕ್ಯಾಮೆರಾ ಹಿಡಿದರೂ ಮದುಮಗಳ ರೆಪ್ಪೆಯ ಒಂದೊಂದು ಕೂದಲೂ ಸ್ಪಷ್ಟವಾಗಿ ಬರುತ್ತಿತ್ತು. ಅಂಥ ಕೈ ಅದು. ಆ ಕೈಗೆ ಇನ್ನೊಂದು ಅಭ್ಯಾಸವಿತ್ತು. ಮದುಮಗನ ಬಾಸಿಂಗ ಒಂದು ನೂಲಿನಷ್ಟು ಸೊಟ್ಟಗಿದ್ದರೂ ಸಾಕು, ಮಂತ್ರ ನಡೆಯುತ್ತಿರಲಿ, ತಾಳಿ ಕಟ್ಟುತ್ತಿರಲಿ, ತಾನಾಗಿಯೇ ಹೋಗಿ ಸರಿಮಾಡಿ ಬರುತ್ತಿತ್ತು. ಸೆರಗು, ನೆರಿಗೆ, ಹೂವಿನ ದಂಡೆ, ಯಾವುದನ್ನೂ ಬಿಡುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಆ ಕೈ ನಡುಗತೊಡಗಿತು. ಮೊದಲು ಟೀ ಲೋಟ ಹಿಡಿದಾಗ, ಆಮೇಲೆ ಕ್ಯಾಮೆರಾ ಹಿಡಿದಾಗ. ದಾವಣಗೆರೆಯ ಡಾಕ್ಟರು ನರದ ತೊಂದರೆ ಎಂದರು. ಗುಳಿಗೆ ಬರೆದುಕೊಟ್ಟು, ಪೂರ್ತಿ ವಾಸಿಯಾಗುವಂಥದ್ದಲ್ಲ ಎಂದೂ ಹೇಳಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಆಡಿದ್ದು ಒಂದೇ ಮಾತು: “ಯಾರಿಗೂ ಹೇಳಬ್ಯಾಡ ಕಣೇ ಸಂಧ್ಯಾ. ನಡುಗೋ ಕೈಯೋನು ಸ್ಟುಡಿಯೋ ಇಟ್ಕೊಂಡವ್ನೆ ಅಂತ ನಗ್ತಾರೆ.”

ನಾನು ಹೇಳಲಿಲ್ಲ. ಅವತ್ತಿನಿಂದ ಕ್ಯಾಮೆರಾ ನನ್ನ ಕೈಗೆ ಬಂತು. ನಾನೇನು ಹೊಸಬಳಲ್ಲ, ಇಪ್ಪತ್ತೆರಡು ವರ್ಷ ಇವರ ಪಕ್ಕದಲ್ಲಿ ಲೈಟು ಹಿಡಿದವಳು, ಪ್ರಿಂಟು ತೊಳೆದವಳು, ಆಲ್ಬಮ್ ಕೂರಿಸಿದವಳು. ಮದುವೆಗೆ ಇಬ್ಬರೂ ಹೋಗುತ್ತೇವೆ. ಇವರು ಭುಜ ನೋವು ಎಂದು ನೆಪ ಹೇಳಿ, ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ. ಅಷ್ಟೂ ಫೋಟೋ ನಾನು ತೆಗೆಯುತ್ತೇನೆ. ಸೆಟ್ಟಿಂಗ್ ಎಲ್ಲ ಅವನದು, ಇವಳು ಬರೀ ಬಟನ್ ಒತ್ತುತ್ತಾಳೆ ಎಂದು ಜನ ಅವರಷ್ಟಕ್ಕೆ ಅವರೇ ತೀರ್ಮಾನ ಮಾಡಿಕೊಂಡರು. ಗಂಡನ ಗುಟ್ಟು ಕಾಯಬೇಕಲ್ಲ, ನಾನೂ ಹಲ್ಲು ಕಚ್ಚಿಕೊಂಡಿದ್ದೆ.

ಹೋದ ವರ್ಷ ಮಾತ್ರ ತಡೆಯಲಾಗಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಫೋಟೋಗ್ರಾಫರುಗಳದ್ದೊಂದು ಸಂಘವಿದೆ. ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಹೊನ್ನಾಳಿಯಲ್ಲಿ ಪ್ರದರ್ಶನ, ಸ್ಪರ್ಧೆ. ಹೊಳೆಯಲ್ಲಿ ಕುರಿ ತೊಳೆಯುವವರದ್ದು ನಾನು ತೆಗೆದ ಒಂದು ಫೋಟೋ ಕೊಟ್ಟಿದ್ದೆ. ಸಂಘದ ಅಧ್ಯಕ್ಷರು ಜಗಳೂರಿನ ತಿಪ್ಪೇರುದ್ರಸ್ವಾಮಿ. ಅವರು ಕೇಳಲೂ ಇಲ್ಲ, ಗಾಡಿಯಿಂದ ಇಳಿದವರೇ ಫೋಟೋದ ಕೆಳಗಿನ ಕಾರ್ಡಿನಲ್ಲಿ ‘ಪ್ರಸನ್ನಕುಮಾರ್, ನ್ಯಾಮತಿ’ ಎಂದು ಬರೆದರು. ಆ ಫೋಟೋಗೇ ಮೊದಲ ಬಹುಮಾನ ಬಂತು! ಇವರು ವೇದಿಕೆ ಹತ್ತಿ, ಎಡಗೈಯಲ್ಲಿ ಫಲಕ ಹಿಡಿದು, ಶಾಲು ಹೊದೆಸಿಕೊಂಡು ಇಳಿದರು. ಮನೆಗೆ ಬಂದು ಆ ಶಾಲನ್ನು ನನ್ನ ಹೆಗಲಿಗೆ ಹಾಕಿದರು. ನಾನು ಕಿತ್ತು ಮಂಚದ ಮೇಲೆ ಎಸೆದೆ.

“ನನ್ನದಲ್ಲ ಅಂದಿದ್ರೆ, ಮತ್ಯಾಕೆ ನೀನ್ ತೆಗೀತಿಲ್ಲ ಅಂತ ಕೇಳ್ತಿದ್ರು,” ಎಂದರು ಇವರು, ನೆಲ ನೋಡುತ್ತಾ.

“ಬರೋ ವರ್ಷ ನನ್ನ ಫೋಟೋ ಕೆಳಗೆ ನನ್ನ ಹೆಸರು ಬೀಳಬೇಕು. ಅಷ್ಟೇ.”

“ಬೀಳ್ಲಿ. ಆದ್ರೆ ಈ ಕೈ ವಿಷ್ಯ ಮಾತ್ರ ಯಾರಿಗೂ ಬ್ಯಾಡ.”

ಒಪ್ಪಿದೆ. ನನ್ನ ಹೆಸರೂ ಬೇಕು, ಇವರ ಗುಟ್ಟೂ ಉಳಿಯಬೇಕು. ಎರಡೂ ಒಟ್ಟಿಗೆ ಆಗುತ್ತದೆಂದು ಹೇಗೆ ನಂಬಿದೆನೋ ಗೊತ್ತಿಲ್ಲ.

ಈ ಏಪ್ರಿಲ್‌ನಲ್ಲಿ ತ್ಯಾವಣಿಗೆಯ ಷಣ್ಮುಖಪ್ಪನವರ ಮನೆಯಲ್ಲಿ ಮದುವೆಯಿತ್ತು. ಅಂಗಳದಲ್ಲೇ ಚಪ್ಪರ. ಚಪ್ಪರದ ಹಿಂದೆ ಒಂದು ಹೊಂಗೆಮರ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಆ ಮರದಿಂದ ಜೀರ್ರ್ ಎಂದು ಶುರುವಾಯಿತು ನೋಡಿ, ಓಲಗದವರ ಸದ್ದೇ ಮುಳುಗಿಹೋಯಿತು. ವಿಡಿಯೋದಲ್ಲಿ ಮಂತ್ರವಿಲ್ಲ, ಮಾತಿಲ್ಲ, ಬರೀ ಜೀರುಂಡೆ. ನನಗೆ ಮೈಯೆಲ್ಲಾ ಉರಿದು ಒಂದು ಗಳ ಹಿಡಿದುಕೊಂಡು ಮರದ ಹತ್ತಿರ ಓಡಿದೆ. ಅಲ್ಲಿ ಷಣ್ಮುಖಪ್ಪನವರ ತಾಯಿ ಶಿವಗಂಗಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಎಂಬತ್ತರ ಮುದುಕಿ, ಕಣ್ಣು ಮಾತ್ರ ಇನ್ನೂ ಚುರುಕು.

“ಅದಕ್ಯಾಕ್ ಹೊಡೀತೀಯ ತಾಯಿ? ಅದೂ ಮದುವೆಗೇ ಕೂಗಾದು. ಗಂಡು ಅದು, ಹೆಣ್ಣನ್ನ ಕರೀತೈತೆ.”

“ಹೆಣ್ಣು ಎಲ್ಲಿ ಕೂಗ್ತೈತೆ ಅಜ್ಜಿ?”

“ಹೆಣ್ಣು ಕೂಗಲ್ಲ. ಬಾಯೇ ಬಿಡಲ್ಲ ಅದು.”

ಅದೊಂದು ಕಡಿಮೆಯಿತ್ತು ನನಗೆ! ಇಲ್ಲೂ ಗಂಡಿನದೇ ಹೆಸರೇ ಎಂದುಕೊಂಡು ಗಳ ಬಿಸಾಕಿದೆ. ಬಗ್ಗಿದಾಗ ಮರದ ಬೊಡ್ಡೆಗೆ ಅಂಟಿಕೊಂಡಿದ್ದ ಒಂದು ಪೊರೆ ಕಾಣಿಸಿತು. ಬೆಲ್ಲದ ಪಾಕದ ಬಣ್ಣ. ಆರು ಕಾಲು, ಉಬ್ಬಿದ ಕಣ್ಣು, ಮಣ್ಣು ಬಗೆಯುವ ಮುಂಗೈ, ಎಲ್ಲವೂ ಇವೆ; ಒಳಗೆ ಮಾತ್ರ ಯಾರೂ ಇಲ್ಲ. ಬೆನ್ನು ನೇರವಾಗಿ ಸೀಳಿದೆ, ಸೀಳಿನಿಂದ ಬಿಳಿ ದಾರದಂಥ ಎಳೆಗಳು ಹೊರಗೆ ಜೋಲುತ್ತಿವೆ. ಇಷ್ಟು ವರ್ಷ ಮದುಮಕ್ಕಳ ಮುಖ ನೋಡುತ್ತಾ ಇದನ್ನು ನೋಡಿಯೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಶಿವಗಂಗಮ್ಮ ಕೂತಲ್ಲೇ ಪಾಠ ಮಾಡಿದರು. ಹೆಣ್ಣು ಜೀರುಂಡೆ ಎಳೆಯ ಕಡ್ಡಿಯನ್ನು ಸೀಳಿ ಮೊಟ್ಟೆ ಇಡುತ್ತದೆ. ಮರಿ ಅಕ್ಕಿನುಚ್ಚಿನಷ್ಟಿರುತ್ತದೆ, ಕೆಳಗೆ ಉದುರಿ ಮಣ್ಣಿಗಿಳಿಯುತ್ತದೆ. ಬೇರಿನ ರಸ ಕುಡಿಯುತ್ತಾ ಅಲ್ಲೇ ಬೆಳೆಯುತ್ತದೆ. ಎಷ್ಟು ವರ್ಷ ಎಂದು ಕೇಳಿದೆ.

“ಯಾರ್ ಕಂಡವ್ರೆ? ಈ ಮದುಮಗಳು ಲಂಗ ಹಾಕ್ಕೊಂಡು ಶಾಲೆಗೆ ಹೋಗೋವಾಗ ಇಳಿದಿದ್ದು ಈಗ ಎದ್ದು ಬಂದಿದ್ರೂ ಬಂದಿರಬೌದು. ಮ್ಯಾಲೆ ಬಂದ್ಮೇಲೆ ಬದುಕಾದು ನಾಕು ವಾರ. ಭರಣಿ ಮಳೆ ಬಿದ್ದು ನೆಲ ಮೆತ್ತಗಾಗ್ಲಿ, ಹೊತ್ತು ಮುಳುಗೋ ಹೊತ್ಗೆ ಬಾ. ಪೊರೆ ಕಳಚೋದು ಕಣ್ಣಾರೆ ನೋಡೀಯಂತೆ.”

ಆ ಪೊರೆಯನ್ನು ಕುಂಕುಮದ ಡಬ್ಬಿಯಲ್ಲಿಟ್ಟುಕೊಂಡು ನ್ಯಾಮತಿಗೆ ಬಂದೆ. ಇದೇ ನನ್ನ ಫೋಟೋ ಎಂದು ಇವರಿಗೆ ಹೇಳಿದೆ. ಇವರು ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. “ದುಬಾರಿ ಲೆನ್ಸ್ ಬೇಕಾಗ್ತೈತಲ್ಲೇ” ಎಂದರು. ಮರುದಿನ ಬೆಳಿಗ್ಗೆ ಅವರೇ ಅಟ್ಟದಿಂದ ಹಳೇ ರೀಲ್ ಕ್ಯಾಮೆರಾದ ಲೆನ್ಸು ಇಳಿಸಿ, ಒರೆಸಿ, ಒಂದು ರಿಂಗ್ ಹಾಕಿ ಅದನ್ನು ಹಿಂದುಮುಂದಾಗಿ ಕೂರಿಸುವುದು ಹೇಗೆಂದು ತೋರಿಸಿಕೊಟ್ಟರು. ತಿರುಗಿಸಿ ಹಾಕಿದ ಲೆನ್ಸಿನಲ್ಲಿ ಸಾಸಿವೆ ಕಾಳು ನಿಂಬೆಹಣ್ಣಿನಷ್ಟು ಕಾಣುತ್ತದೆ. ಕಷ್ಟ ಏನೆಂದರೆ, ಕಣ್ಣು ಸ್ಪಷ್ಟವಾದರೆ ಕಾಲು ಮಬ್ಬು, ಕಾಲು ಸ್ಪಷ್ಟವಾದರೆ ಕಣ್ಣು ಮಬ್ಬು. ಉಸಿರು ಬಿಟ್ಟರೂ ಫೋಕಸ್ ಜಾರುತ್ತದೆ. ಹದಿನೈದು ದಿನ ಖಾಲಿ ಪೊರೆಯ ಮೇಲೆ ಅಭ್ಯಾಸ ಮಾಡಿದೆ. ಮದುವೆಯ ಲೈಟಿಗೆ ಇವರ ಬಿಳಿ ಪಂಚೆಯ ತುಂಡು ಕಟ್ಟಿದೆ, ಬೆಳಕು ಮೆತ್ತಗಾಯಿತು.

ಮೇ ಮೊದಲ ವಾರ ಮಳೆ ಬಂತು. ಶಿವಗಂಗಮ್ಮ ಮೊಮ್ಮಗನ ಫೋನಿನಿಂದ, “ತೂತು ಬಿದ್ದಾವೆ ಬಾರೇ” ಎಂದರು. ಸ್ಕೂಟಿಯಲ್ಲಿ ನಾನು ಮುಂದೆ, ಸ್ಟ್ಯಾಂಡು ತಬ್ಬಿಕೊಂಡು ಇವರು ಹಿಂದೆ.

ಹೊಂಗೆಮರದ ಕೆಳಗೆ ಬೆರಳು ಹೋಗುವಷ್ಟು ಅಗಲದ ತೂತುಗಳು. ಏಳು ಗಂಟೆಯ ಸುಮಾರಿಗೆ ಒಂದರಿಂದ ಕೆಸರು ಮೆತ್ತಿದ ತಲೆ ಹೊರಬಂತು. ಆತುರವೇ ಇಲ್ಲ ಮಹಾರಾಯನಿಗೆ. ನಿಂತು ನಿಂತು ಬೊಡ್ಡೆ ಹತ್ತಿದ, ನನ್ನ ಸೊಂಟದ ಎತ್ತರಕ್ಕೆ ಬಂದು ತೊಗಟೆಗೆ ಉಗುರು ಊರಿ ನಿಂತ. ನಾನು ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಮುಟ್ಟದೆ ತಂತಿಯ ಬಟನ್ ಹಿಡಿದು ಕಾದೆ. ಇವರು ಎದುರುಗಡೆ, ಮರದ ಆ ಪಕ್ಕದಲ್ಲಿ ನಿಂತರು. ಬೆನ್ನು ಸೀಳಿತು. ಸೀಳಿನಿಂದ ಎಳೆ ಹಸಿರು ಬಣ್ಣದ, ಕೆನೆಯಷ್ಟು ಮೆತ್ತಗಿನ ಜೀವ ಉಬ್ಬಿ ಬಂತು. ತಲೆ ಬಂತು, ಕಾಲು ಬಂತು, ಹಿಂದಕ್ಕೆ ಬಾಗಿ ತಲೆಕೆಳಗಾಗಿ ಜೋತಾಡಿತು. ಬಹಳ ಹೊತ್ತು ಹಾಗೇ ಇದ್ದು ಆಮೇಲೆ ಒಂದೇ ಸಲ ಮೇಲೆದ್ದು ತನ್ನ ಪೊರೆಯನ್ನೇ ಹಿಡಿದುಕೊಂಡು ಹಿಂಭಾಗ ಎಳೆದುಕೊಂಡಿತು. ಹೆಗಲ ಮೇಲೆ ಎರಡು ಮುದುಡಿದ ಗಂಟು. ಅವೇ ರೆಕ್ಕೆ. ನಿಧಾನವಾಗಿ ಬಿಚ್ಚಿಕೊಳ್ಳತೊಡಗಿದವು.

ಎಡ ರೆಕ್ಕೆ ಒಂದು ಮಡಿಕೆಯಲ್ಲಿ ತಡೆದು ನಿಂತಂತೆ ಕಂಡಿತು. ಇನ್ನೊಂದು ನಿಮಿಷ ಬಿಟ್ಟಿದ್ದರೆ ತಾನೇ ಬಿಚ್ಚಿಕೊಳ್ಳುತ್ತಿತ್ತು. ನಾನು ಬಟನ್ ಒತ್ತಿದೆ, ಅದೇ ಕ್ಷಣಕ್ಕೆ ಎದುರಿನಿಂದ ಒಂದು ಬೆರಳು ಬಂದು ಆ ರೆಕ್ಕೆಯ ತುದಿ ಮುಟ್ಟಿತು. ಹಸಿರು ಕಲ್ಲಿನ ಉಂಗುರದ ಬೆರಳು. ಸೊಟ್ಟ ಬಾಸಿಂಗ ಕಂಡರೆ ತಾನಾಗಿಯೇ ಹೋಗುವ ಬೆರಳು.

“ಮುಟ್ಟಬ್ಯಾಡ್ರೀ!” ಎಂದು ಕೂಗಿದೆ. ತಡವಾಗಿತ್ತು. ಹಸಿಹಿಟ್ಟಿನಂಥ ರೆಕ್ಕೆ ಅಲ್ಲೇ ಸುಕ್ಕುಗಟ್ಟಿ ಅಂಟಿಕೊಂಡಿತು. “ಏನ್ ಮದುಮಗ ಅಂದ್ಕೊಂಡ್ರಾ ಅದನ್ನ? ಅಷ್ಟು ವರ್ಷ ನೆಲದಾಗಿದ್ದು ಹಾರಾಕೆ ಅಂತ ಬಂದಿತ್ತಲ್ರೀ!”

ಇವರು ಕೈಯನ್ನು ಜೇಬಿಗೂ ಹಾಕಲಿಲ್ಲ, ಅದು ಹಾಗೇ ನಡುಗುತ್ತಾ ಗಾಳಿಯಲ್ಲಿ ನಿಂತಿತ್ತು. ಬಲರೆಕ್ಕೆ ಗಾಜಿನ ಹಾಗೆ ನೆಟ್ಟಗೆ ಒಣಗಿತು. ಎಡರೆಕ್ಕೆ ಮಡಿಕೆ ಬಿಡಲೇ ಇಲ್ಲ. ಬೆಳಿಗ್ಗೆ ಅದು ಕೆಳಗೆ ಬಿದ್ದು ಇರುವೆಗಳ ಪಾಲಾಗಿತ್ತೆಂದು ಶಿವಗಂಗಮ್ಮ ತಿಳಿಸಿದರು. ಇವರು ಅವತ್ತು ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಕಂಪ್ಯೂಟರಿನಲ್ಲಿ ಆ ಫೋಟೋ ನೋಡಿದೆವು. ಜೀರುಂಡೆ ಕೆತ್ತಿದಂತೆ ಸ್ಪಷ್ಟವಾಗಿದೆ. ಬೆರಳು ಮಾತ್ರ ಅಲುಗಿ ಅಲುಗಿ ಒಂದಕ್ಕೆ ಮೂರು ಬೆರಳಾಗಿ ಬಂದಿದೆ. ಅಳಿಸಿಬಿಡೋಣ ಎಂದು ಹೋದೆ, ಇವರು ತಡೆದರು.

“ಇರ್ಲಿ ಬಿಡೇ. ಕ್ಯಾಮೆರಾ ಹಿಡಿದ ಮೂವತ್ತು ವರ್ಷದಾಗೆ ನಾನು ಫೋಟೋದಾಗೆ ಬಿದ್ದಿದ್ದು ಇದೊಂದೇ ಸಲ.”

ನಗಬೇಕೋ ಅಳಬೇಕೋ ತಿಳಿಯದೆ ಎದ್ದು ಹೋಗಿ ಪಾತ್ರೆ ತೊಳೆದೆ.

ಮಾರನೆಯ ಸಂಜೆ ಹೊನ್ನಾಳಿಯಲ್ಲಿ ಆರತಕ್ಷತೆಯ ಕೆಲಸವಿತ್ತು, ಮರದ ಹತ್ತಿರ ಹೋಗಲಾಗಲಿಲ್ಲ. ಮೂರನೆಯ ಸಂಜೆ ಮತ್ತೆ ತ್ಯಾವಣಿಗೆ. ಇವರು ಪ್ಲಾಸ್ಟಿಕ್ ಕುರ್ಚಿ ಕೇಳಿ ತರಿಸಿಕೊಂಡು, ಮರದಿಂದ ದೂರ ಹಾಕಿಕೊಂಡು, ಎರಡೂ ಕೈಯನ್ನು ತೊಡೆಯ ಕೆಳಗಿಟ್ಟು ಕೂತರು. ಶಿವಗಂಗಮ್ಮ, “ಯಾಕಪ್ಪಾ, ಮೇಷ್ಟ್ರು ಶಿಕ್ಷೆ ಕೊಟ್ಟವ್ರಾ?” ಎಂದು ಕೇಳಿದರು. ಇವರು, “ಹೂಂ ಅಜ್ಜಿ, ತಪ್ಪು ಮಾಡೀನಿ” ಎಂದರು.

ಆ ಸಂಜೆ ಎರಡು ಗಂಟೆ ಹೊತ್ತು ನಾನು ಮಂಡಿಯೂರಿ ನಿಂತಿದ್ದೆ. ಸೊಳ್ಳೆ ಕಚ್ಚಿದವು, ಕಾಲು ಜೋಮು ಹಿಡಿಯಿತು, ಬೆವರು ಕಣ್ಣಿಗಿಳಿಯಿತು. ನನ್ನ ಕೈ ಅಲುಗಲಿಲ್ಲ. ಒಂಬತ್ತು ಫೋಟೋ ಸಿಕ್ಕವು: ಮಣ್ಣಿನ ತಲೆಯಿಂದ ಹಿಡಿದು, ಸೀಳಿದ ಬೆನ್ನು, ಜೋತಾಡುವ ಹಸಿರು ಮೈ, ಎರಡೂ ರೆಕ್ಕೆ ನೆಟ್ಟಗೆ ಇಳಿಬಿಟ್ಟು ಪೊರೆಯ ಮೇಲೆ ಕೂತದ್ದರವರೆಗೆ. ಕೊನೆಯದರಲ್ಲಿ ಹಣೆಯ ಮೇಲಿನ ಮೂರು ಪುಟ್ಟ ಕಣ್ಣು ಕೆಂಪು ಹರಳಿನಂತೆ ಹೊಳೆಯುತ್ತಿದ್ದವು. ರೆಕ್ಕೆಯ ನರಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅದು ಹೆಣ್ಣು ಎಂದು ಹೊಟ್ಟೆಯ ತುದಿ ನೋಡಿ ಶಿವಗಂಗಮ್ಮ ಹೇಳಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಮುದುಕಿಯನ್ನು ತಬ್ಬಿಕೊಂಡುಬಿಟ್ಟೆ. ನನ್ನ ಜೀವಮಾನದಲ್ಲಿ ಇಂಥ ಕೆಲಸ ಮಾಡಿರಲಿಲ್ಲ, ಇವರೂ ಮಾಡಿರಲಿಲ್ಲ. ಅದನ್ನು ಇವರೇ ಬಾಯಿಬಿಟ್ಟು ಹೇಳಿದರು.

ಆಗಸ್ಟಿನಲ್ಲಿ ಹೊನ್ನಾಳಿಯ ಸಮುದಾಯ ಭವನದಲ್ಲಿ ಒಂಬತ್ತೂ ಫೋಟೋಗಳನ್ನು ಸಾಲಾಗಿ ತೂಗುಹಾಕಿದೆ. ಜನ ಬಂದು ನಿಂತವರು ಮುಂದಕ್ಕೆ ಹೋಗಲೇ ಇಲ್ಲ. ತಿಪ್ಪೇರುದ್ರಸ್ವಾಮಿಯವರೂ ಬಂದರು, ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು.

“ಪ್ರಸನ್ನಾ, ಏನ್ ಮಾರಾಯ ಇದು! ಎಂಥಾ ಕೈಯೋ ನಿಂದು!” ಎಂದು ಇವರ ಬೆನ್ನು ತಟ್ಟಿ, ಖಾಲಿ ಕಾರ್ಡು ತೆಗೆದರು.

“ತೆಗೆದೋಳು ನಾನು. ನನ್ನ ಹೆಸರು ಬರೀರಿ,” ಎಂದೆ.

ಅವರು ಕೆಟ್ಟವರಲ್ಲ, ಹಟಮಾರಿ ಅಷ್ಟೆ. ನಿಯಮ ನೋಡೋಣ ಎಂದರು. ಸಂಘದ ನಿಯಮದಂತೆ ನಾನು ಮೂಲ ಫೈಲುಗಳ ಪೆನ್‌ಡ್ರೈವ್ ಕೊಟ್ಟಿದ್ದೆ. ಎಲ್ಲರೆದುರು ಲ್ಯಾಪ್‌ಟಾಪಿನಲ್ಲಿ ತೆರೆದರು. ಫೈಲಿನ ವಿವರದಲ್ಲಿ ಫೋಟೋ ತೆಗೆದವರ ಹೆಸರು ಪ್ರಸನ್ನಕುಮಾರ್ ಎಂದಿತ್ತು! ಕ್ಯಾಮೆರಾ ಕೊಂಡ ದಿನ, ಎಂಟು ವರ್ಷದ ಹಿಂದೆ, ಇವರು ಅದರೊಳಗೆ ತುಂಬಿಸಿದ ಹೆಸರು. ಅವತ್ತಿನಿಂದ ನಾನು ಒತ್ತಿದ ಒಂದೊಂದು ಬಟನ್ನಿಗೂ ಅದೇ ಹೆಸರು ಬೀಳುತ್ತಾ ಬಂದಿತ್ತು. ನಾನು ಒಮ್ಮೆಯೂ ನೋಡಿರಲಿಲ್ಲ.

“ಕ್ಯಾಮೆರಾನೇ ಹೇಳ್ತೈತಲ್ಲಮ್ಮ,” ಎಂದರು ತಿಪ್ಪೇರುದ್ರಸ್ವಾಮಿ.

“ತೆಗೆದಿದ್ದು ಇವಳೇ ಸ್ವಾಮಿ,” ಎಂದರು ಇವರು.

“ಹೆಂಡ್ತಿ ಮುನಿಸ್ಕೊಂಡ್ರೆ ಯಾರಾದ್ರೂ ಹಂಗೇ ಹೇಳ್ತಾರೆ ಬಿಡು.” ಸುತ್ತ ನಿಂತವರೆಲ್ಲ ಘೊಳ್ಳೆಂದು ನಕ್ಕರು.

ನನಗೆ ರಕ್ತ ಕುದಿಯಿತು. ಒಂದೇ ಒಂದು ಮಾತು ಸಾಕಿತ್ತು. ಜೇಬಿನಲ್ಲಿರುವ ಆ ಕೈ ತೆಗೆಸಿ ನೋಡ್ರಿ ಎಂದಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯವರೆಗೆ ಬಂತು. ಇವರ ಮುಖ ನೋಡಿದೆ, ನುಂಗಿಕೊಂಡೆ. ಹಾಳಾಗಿ ಹೋಗಲಿ ಹೆಸರು ಎಂದು ಮೊದಲನೆಯ ಫೋಟೋದ ಕೊಕ್ಕೆಗೆ ಕೈ ಹಾಕಿದೆ. ಒಂಬತ್ತನ್ನೂ ಕಳಚಿಕೊಂಡು ಮನೆಗೆ ಹೋಗುವುದೆಂದು ನಿರ್ಧರಿಸಿದ್ದೆ.

“ಸಂಧ್ಯಾ, ಇಳಿಸಬ್ಯಾಡ,” ಎಂದರು ಇವರು. “ಆ ಮೊದಲ್ನೇ ದಿನದ್ದು ತೋರ್ಸು.”

“ಬ್ಯಾಡ್ರೀ.”

“ಬೆರಳು ಬಿದ್ದೈತಲ್ಲ, ಅದು. ಫೋನಿನಾಗೆ ಐತಲ್ಲ ನಿನ್ ಹತ್ರ. ತೋರ್ಸು.”

“ಬ್ಯಾಡ ಅಂದೆನಲ್ಲ!”

ಇವರು ನನ್ನ ಕೈಯಿಂದ ಫೋನು ಇಸಿದುಕೊಂಡು ಎಡಗೈಯಲ್ಲಿ ಹುಡುಕಿ ಮೇಜಿನ ಮೇಲಿಟ್ಟರು. ತಿಪ್ಪೇರುದ್ರಸ್ವಾಮಿ ಬಗ್ಗಿ ನೋಡಿದರು. ಪರದೆಯಲ್ಲಿ ಎಳೆ ಹಸಿರು ಜೀರುಂಡೆ, ಅದರ ಪಕ್ಕದಲ್ಲಿ ಹಸಿರು ಕಲ್ಲಿನ ಉಂಗುರ, ಒಂದಕ್ಕೆ ಮೂರಾದ ಬೆರಳು. ಅಲ್ಲಿದ್ದವರೆಲ್ಲ ಫೋಟೋಗ್ರಾಫರುಗಳೇ, ಅಂಥ ಅಲುಗಾಟದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇವರು ಜೇಬಿನಿಂದ ಬಲಗೈ ತೆಗೆದು ಫೋನಿನ ಪಕ್ಕದಲ್ಲಿಟ್ಟರು. ಅದೇ ಉಂಗುರ. ಮೇಜಿನ ಮೇಲೆ ಟಕಟಕ ಎಂದು ಸದ್ದು ಮಾಡಿತು.

“ಮೂರು ವರ್ಷ ಆತು. ಈ ಕೈಲಿ ಲೋಟ ನೀರು ಹಿಡಿಯಾಕೂ ಆಗಲ್ಲ, ಜೀರುಂಡೆ ಕಣ್ಣು ಹೆಂಗೆ ಹಿಡೀಲಿ? ಒಂದು ಹುಳದ ರೆಕ್ಕೆ ಹಾಳ್ ಮಾಡ್ದೆ, ಅಷ್ಟೇ ನನ್ನ ಕೆಲಸ. ಹೋದ ವರ್ಷದ ಕುರಿ ಫೋಟೋನೂ ಇವಳ್ದೇ. ಶಾಲು ನಾನು ಹೊದ್ಕೊಂಡೆ, ತಪ್ಪಾತು.” ಫೋಟೋಗಳ ಸಾಲಿನ ಕಡೆ ತಿರುಗಿದರು. “ನಾನು ಚೆನ್ನಾಗಿದ್ದಾಗ್ಲೂ ಇಂಥಾದ್ದು ಒಂದೂ ತೆಗೆದಿಲ್ಲ. ನನ್ನ ಹೆಂಡ್ತಿ ತೆಗೆದವ್ಳೆ.”

ತಿಪ್ಪೇರುದ್ರಸ್ವಾಮಿ ಕನ್ನಡಕ ತೆಗೆದು ಒರೆಸಿದರು. “ನಮಗ್ಯಾಕೋ ಹೇಳ್ಲಿಲ್ಲ?” ಎಂದು ಇವರನ್ನು ಕೇಳಿದರು, ನನ್ನ ಕಡೆ ತಿರುಗಿ “ತಪ್ಪಾತಮ್ಮ” ಎಂದರು. ಕಾರ್ಡು ಬರೆಯಲು ಪೆನ್ನು ತೆಗೆದರು.

“ಅದನ್ನ ಇಲ್ಲಿ ಕೊಡ್ರಿ, ನಾನ್ ಬರೀತೀನಿ,” ಎಂದು ಇವರು ಪೆನ್ನು ಕೇಳಿ ತೆಗೆದುಕೊಂಡರು. ಬಲಗೈಯಲ್ಲೇ ಹಿಡಿದು, ಎಡಗೈಯಿಂದ ಮಣಿಕಟ್ಟು ಒತ್ತಿ, ಎಲ್ಲರೂ ನೋಡುತ್ತಿರುವಾಗಲೇ ಬರೆದರು. ಅಷ್ಟು ಬರೆಯಲು ಎರಡು ನಿಮಿಷ ಹಿಡಿಯಿತು. ‘ಸಂಧ್ಯಾರಾಣಿ, ನ್ಯಾಮತಿ.’ ಮೊದಲ ಅಕ್ಷರ ತೀರಾ ದೊಡ್ಡದಾಗಿತ್ತು, ಮಧ್ಯದವು ಒಂದರ ಮೇಲೊಂದು ಹತ್ತಿದ್ದವು, ಹೆಸರಿನ ಕೊನೆಯ ‘ಣಿ’ ಗೆರೆ ಬಿಟ್ಟು ಕೆಳಗೆ ಜಾರಿತ್ತು.

ನನ್ನ ಕಣ್ಣಲ್ಲಿ ನೀರು ಬಂದಿತ್ತು. ತಿಪ್ಪೇರುದ್ರಸ್ವಾಮಿ ಪಾಪ, ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ಖಾಲಿ ಕಾರ್ಡು ಹುಡುಕತೊಡಗಿದರು.

“ಅಕ್ಷರ ಸ್ವಲ್ಪ ಸೊಟ್ಟ ಬಂದಾವೆ. ಬೇರೆ ಕಾರ್ಡಿನಾಗೆ ನೀಟಾಗಿ ಬರೆಸಿಬಿಡ್ಲಾ?”

“ಆ ಕಾರ್ಡಿಗೆ ಕೈ ಹಚ್ಚಿದ್ರೆ ನೋಡ್ರಿ ಮತ್ತೆ!” ಎಂದು ಗದರಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.